ಯಲೋರ್ನಿನ ಮನೆ, ಹೇಸ್ಟಿಂಗ್ಸಿನ ಹಡಗು

ಕಣ್ಣು ಮಂಜಾಗಿ ಕಾರು ಓಡಿಸುವುದು ನಿಂತ ಮೇಲೂ ಮರ್ವಿನ್ ಯಾರ ಹತ್ತಿರವೂ ಏನೂ ಕೇಳಿದವನಲ್ಲ. ಅಂಥವನು ಜನವರಿಯ ಒಂದು ಬೆಳಿಗ್ಗೆ ತಂಗಿ ನೋಲಾಗೆ ತಾನೇ ಫೋನ್ ಮಾಡಿದ.

"ನಾಳೆ ಹೇಸ್ಟಿಂಗ್ಸ್ ಬಂದರಿಗೆ ಕರ್ಕೊಂಡು ಹೋಗ್ತೀಯಾ? ಹಡಗು ಹೊರಡುತ್ತಂತೆ."

"ಯಾವ್ದು, ಆ ಜಪಾನಿನವರ ದೊಡ್ಡ ಫ್ಲಾಸ್ಕಾ?"

"ಫ್ಲಾಸ್ಕೇ ಅಂದ್ಕೊ. ಅದರೊಳಗಿರೋದು ನಮ್ಮ ಕಲ್ಲಿದ್ದಲು ಕಣೆ."

ನೋಲಾ ನಕ್ಕಳು, ಆದರೆ ಒಪ್ಪಿದಳು. ಅಣ್ಣ ತಂಗಿ ಇಬ್ಬರೂ ಹುಟ್ಟಿ ಬೆಳೆದದ್ದು ಮೆಲ್ಬರ್ನ್‌ನಿಂದ ಪೂರ್ವಕ್ಕಿದ್ದ ಯಲೋರ್ನಿನಲ್ಲಿ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಕಾರ್ಖಾನೆಯವರಿಗಾಗಿ ಕಟ್ಟಿದ ಊರು ಅದು. ಬೀದಿ ಬೀದಿಗೆ ಮರ, ಮನೆ ಮನೆಗೆ ಗುಲಾಬಿ, ಚಿತ್ರಮಂದಿರ, ಈಜುಕೊಳ, ಯಾವುದಕ್ಕೂ ಕಡಿಮೆಯಿರಲಿಲ್ಲ. ಕೊನೆಗೆ ಊರಿನ ಅಡಿಯಲ್ಲೇ ಒಳ್ಳೆ ಕಲ್ಲಿದ್ದಲಿದೆ ಅಂತ ಊರನ್ನೇ ಎಬ್ಬಿಸಿದರು. ಮನೆಗಳು ಅಗ್ಗಕ್ಕೆ ಹರಾಜಾದವು. ಕೊಂಡವರು ಗರಗಸದಿಂದ ಎರಡು ಹೋಳು ಮಾಡಿ ಲಾರಿಯ ಮೇಲೆ ಹೇರಿಕೊಂಡು ಹೋದರು. ನೋಲಾ ಆಗ ಮೆಲ್ಬರ್ನ್‌ನಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ರಜಕ್ಕೆ ಬಂದಾಗ ಮನೆಯಿದ್ದ ಜಾಗದಲ್ಲಿ ಮುಂಬಾಗಿಲ ಮೆಟ್ಟಿಲು ಮಾತ್ರ ಉಳಿದಿತ್ತು. ಆ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು.

ಮರುದಿನ ನೋಲಾಳ ಕಾರು ಮೋರ್ವೆಲ್ ಊರು ದಾಟಿತು. ಮರ್ವಿನ್ ತೊಡೆಯ ಮೇಲೆ ಥರ್ಮಾಸ್ ಇಟ್ಟುಕೊಂಡು ಮಾತು ಶುರುವಿಟ್ಟುಕೊಂಡ. ಅವನ ಮೊಮ್ಮಗಳು ಟಾಲಿಯಾಗೆ ಈ ಹಡಗಿಗೆ ಸರಕು ತಯಾರಿಸುವ ಹೊಸ ಘಟಕದಲ್ಲಿ ಕೆಲಸ ಸಿಕ್ಕಿತ್ತು. ಅವಳು ಹೇಳಿದ್ದನ್ನೆಲ್ಲ ಇವನು ಬಾಯಿಪಾಠ ಮಾಡಿದ್ದ.

"ಕಲ್ಲಿದ್ದಲನ್ನ ಸುಡಲ್ಲ. ಬಿಸಿ ಮಾಡಿ ಗ್ಯಾಸ್ ಮಾಡ್ತಾರೆ, ಅದರಿಂದ ಹೈಡ್ರೋಜನ್ ಬೇರೆ ತೆಗೀತಾರೆ. ಅದು ನೀರಿನ ಹಾಗೆ ಆಗೋವರೆಗೂ ತಣ್ಣಗೆ ಮಾಡಿ ಹಡಗಿಗೆ ತುಂಬ್ತಾರೆ. ಜಪಾನಲ್ಲಿ ಅದನ್ನ ಉರಿಸಿದ್ರೆ ಹೊಗೆಯೇ ಇಲ್ಲ."

"ಮತ್ತೆ ಆ ಹೊಗೆ ಎಲ್ಲಿಗೆ ಹೋಯ್ತು?"

"ಅದು ಇಲ್ಲೇ ಉಳಿಯುತ್ತೆ. ಮುಂದೆ ಸಮುದ್ರದ ತಳದಲ್ಲಿ ಹೂಳ್ತಾರಂತೆ."

"ಹೂಳ್ತಾರಂತೆ! ಅಮ್ಮ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಲು. ಕಲ್ಲಿದ್ದಲಂತೆ, ಕ್ಲೀನಂತೆ!"

ಮರ್ವಿನ್ನನಿಗೂ ನಗು ಬಂತು. ಸೋಮವಾರ ಬೆಳಿಗ್ಗೆ ಅಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುತ್ತಿದ್ದಳು. ಕಾರ್ಖಾನೆ ಕಡೆಯದಾದರೆ ಒಗೆದ ಬಟ್ಟೆ ಬುಟ್ಟಿಯಲ್ಲೇ ಉಳಿಯುತ್ತಿತ್ತು. ಗೊತ್ತಾಗದೆ ಹರವಿಬಿಟ್ಟರೆ ಹಾಸಿಗೆ ಬಟ್ಟೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ. "ನಿಮ್ಮಪ್ಪನ ಸಂಬಳ ನನ್ನ ಬಟ್ಟೆ ಮೇಲೆ ಬಂದು ಕೂತಿದೆ ನೋಡ್ರೋ" ಅನ್ನುತ್ತಾ ಮತ್ತೆ ನೆನೆಹಾಕುತ್ತಿದ್ದಳು.

"ನಮ್ಮ ಬೀದಿ ಅಗೆದವನು ನೀನೇ ಅಲ್ವಾ?" ನೋಲಾ ರಸ್ತೆ ನೋಡುತ್ತಲೇ ಕೇಳಿದಳು. ಇಷ್ಟು ವರ್ಷ ಈ ಮಾತು ಎತ್ತಿರಲಿಲ್ಲ.

"ಹೂಂ. ಗಣಿ ಅಗೆಯೋ ಆ ದೊಡ್ಡ ಯಂತ್ರದ ಮೇಲೆ ಆವತ್ತು ನಂದೇ ಪಾಳಿ." ಥರ್ಮಾಸಿನ ಮುಚ್ಚಳ ತಿರುವಿದ. "ಮಣ್ಣೆತ್ತೋ ಬಕೆಟ್ಟಿನಲ್ಲಿ ಒಂದು ಗುಲಾಬಿ ಬೇರು ಬಂತು ಕಣೆ. ನಮ್ಮದೋ, ಪಕ್ಕದವರದ್ದೋ. ಯಂತ್ರ ನಿಲ್ಲಿಸಿಬಿಟ್ಟೆ. ಮೇಸ್ತ್ರಿ ಬಂದು ಬಾಯಿಗೆ ಬಂದ ಹಾಗೆ ಬೈದ. ಮತ್ತೆ ಶುರು ಮಾಡಿದೆ."

ಲ್ಯಾಂಗ್ ಲ್ಯಾಂಗ್ ಊರು ಬಂತು ಅಂತ ನೋಲಾ ಹೇಳಿದಾಗ ಅವನು ತಟ್ಟನೆ, "ಎಡಕ್ಕೆ ತಿರುಗಿಸು" ಅಂದ.

"ಹೇಸ್ಟಿಂಗ್ಸಿಗೆ ನೇರ ಹೋಗ್ಬೇಕು."

"ಗೊತ್ತು. ತಿರುಗಿಸು."

ದನ ಮೇಯುವ ಹುಲ್ಲುಗಾವಲಿನ ನಡುವೆ ಒಂದು ಮರದ ಮನೆ ನಿಂತಿತ್ತು. ಬಣ್ಣ ಬೇರೆ, ಮಾಡಿನ ತಗಡು ಬೇರೆ. ನೋಲಾ ಕಾರು ನಿಲ್ಲಿಸಿದವಳು ಸ್ಟೇರಿಂಗ್ ಬಿಡಲಿಲ್ಲ. ಬಾಗಿಲ ಮೇಲಿನ ಆ ಪುಟ್ಟ ಕಮಾನನ್ನು ಯಲೋರ್ನಿನಲ್ಲಿ ಅಪ್ಪ ತನ್ನ ಕೈಯಾರೆ ಮಾಡಿದ್ದ.

"ಆವತ್ತು ನಮ್ಮ ಮನೆ ಹೊತ್ತ ಲಾರಿ ಹಿಂದೇನೇ ಬೈಕಲ್ಲಿ ಬಂದಿದ್ದೆ," ಅಂದ ಮರ್ವಿನ್. "ಎಲ್ಲಿಗೆ ಹೋಯ್ತು ಅಂತ ನಂಗೂ ಹೇಳ್ಬೇಡ, ಯಾರಿಗೂ ಹೇಳ್ಬೇಡ, ಹೇಳಿದ್ರೆ ನಾನು ಅಲ್ಲೇ ಹೋಗಿ ಕೂರ್ತೀನಿ ಅಂದಿದ್ಲು ಅಮ್ಮ. ಅವಳು ತೀರ್ಕೊಂಡ ಮೇಲೆ ನಿಂಗೆ ಹೇಳೋಣ ಅಂತಿದ್ದೆ. ಆದ್ರೆ ನೀನು ಯಲೋರ್ನ್ ಅಂದ್ರೆ ಸಾಕು, ಎದ್ದು ಹೋಗ್ತಿದ್ದೆ."

ಮನೆಯಾಕೆ ಬ್ರೋನ್ವಿನ್ ಅಂತ, ಐವತ್ತರ ಗಟ್ಟಿ ಹೆಂಗಸು, ರಬ್ಬರ್ ಬೂಟಿನಲ್ಲೇ ಹೊರಗೆ ಬಂದಳು. ವಿಷಯ ಕೇಳಿ, "ಒಳಗೆ ಬನ್ನಿ, ಆದ್ರೆ ಗಲೀಜು ನೋಡ್ಬೇಡಿ" ಅಂದಳು. ನಡುಮನೆಯ ನೆಲದಲ್ಲಿ ಗೋಡೆಯಿಂದ ಗೋಡೆಗೆ ಒಂದು ಹೊಲಿಗೆಯಂಥ ಗೆರೆ. ಗರಗಸ ಹಾದುಹೋದ ಗುರುತು. ನೋಲಾ ಅದನ್ನು ಮಗುವಿನ ಹಾಗೆ ಕಾಲೆತ್ತಿ ದಾಟಿದಳು. ಅಡುಗೆಮನೆಯ ಸಿಂಕಿನ ಮುಂದೆ ನಿಂತಾಗ ಕಿಟಕಿಯಾಚೆ ಹುಲ್ಲು, ತಂತಿಯ ಮೇಲೆ ಬಿಳಿ ಬಟ್ಟೆ, ಗಾಳಿ.

"ಬಟ್ಟೆ ಒಣಗೋಕೆ ಒಳ್ಳೆ ಜಾಗ," ಅಂದಳು ನೋಲಾ. ಬ್ರೋನ್ವಿನ್ ಚಹಾಕ್ಕೆ ನೀರಿಟ್ಟಳು.

ಹೀಗಾಗಿ ಹೇಸ್ಟಿಂಗ್ಸಿಗೆ ತಲುಪುವಷ್ಟರಲ್ಲಿ ಹಡಗು ದಡ ಬಿಟ್ಟಿತ್ತು. ಮರ್ವಿನ್ ಕಟ್ಟೆಯ ಕಂಬಿ ಹಿಡಿದು ಕಣ್ಣು ಕಿರಿದು ಮಾಡಿದ. "ನನಗೆ ಬೆಳಕು ಮಾತ್ರ ಕಾಣುತ್ತೆ. ನೀನು ಹೇಳು."

"ಉದ್ದಕ್ಕಿದೆ. ಬೆನ್ನ ಮೇಲೆ ಮೊಟ್ಟೆ ಥರ ಏನೋ ಉಬ್ಬಿದೆ. ಜನ ಕೈ ಬೀಸ್ತಿದಾರೆ."

"ಹೊಗೆ?"

ಹಡಗಿನ ಕೊಳವೆಯಿಂದ ತೆಳ್ಳಗೆ ಒಂದು ಎಳೆ ಮೇಲೇಳುತ್ತಿತ್ತು. ನೋಲಾ ಅದನ್ನು ನೋಡಿದಳು, ಅಣ್ಣನ ಮುಖ ನೋಡಿದಳು.

"ಒಂಚೂರೂ ಇಲ್ಲ, ಮರ್ವ್."

ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು, ಕರಿದ ಮೀನಿಗೂ ಚಿಪ್ಸಿಗೂ ವಿನೆಗರ್ ಚಿಮುಕಿಸಿಕೊಂಡು, ಹಡಗು ಮರೆಯಾಗುವ ತನಕ ತಿಂದರು.

ಹಡಗಿನದು ಬರಿಯ ಪರೀಕ್ಷೆಯ ಪ್ರಯಾಣ. ಪರೀಕ್ಷೆ ಮುಗಿದ ಮೇಲೆ ಘಟಕದ ಕೆಲಸವೂ ನಿಂತಿತು. ಟಾಲಿಯಾ ಕರಾವಳಿಯ ಗಾಳಿಯಂತ್ರಗಳ ಕೆಲಸ ಹಿಡಿದಳು. "ಮತ್ತೆ ಬರುತ್ತೆ ನೋಡ್ತಿರು" ಅಂತ ಮರ್ವಿನ್ ಎರಡು ವರ್ಷ ಹೇಳಿದ, ಆಮೇಲೆ ಹೇಳುವುದು ಬಿಟ್ಟ.

ಆದರೆ ಯಲೋರ್ನಿನ ಹೆಸರೆತ್ತಿದರೆ ನೋಲಾ ಈಗ ಎದ್ದು ಹೋಗುವುದಿಲ್ಲ. ಭಾನುವಾರ ಅಣ್ಣನನ್ನು ಕೂರಿಸಿಕೊಂಡು ಗಣಿಯ ಅಂಚಿನ ಕಟಾಂಜನದ ಬಳಿ ಕಾರು ನಿಲ್ಲಿಸುತ್ತಾಳೆ. ಕೆಳಗೆ, ಊರಿದ್ದಲ್ಲಿ, ಬರಿಯ ಹಳ್ಳ. ಅವನು ಗಾಳಿಯಲ್ಲಿ ಬೆರಳು ನೆಟ್ಟು, "ಅಗೋ, ಚಿತ್ರಮಂದಿರ. ಅದರ ಪಕ್ಕ ಬೇಕರಿ" ಅನ್ನುತ್ತಾನೆ.

"ಬೇಕರಿ ಆಚೆ ಕಡೆ ಇತ್ತು ಕಣೋ," ಅನ್ನುತ್ತಾಳೆ ಇವಳು. "ಬನ್ನು ತರೋಕೆ ಹೋಗ್ತಿದ್ದೋಳು ನಾನು. ನಿಂಗೇನ್ ಗೊತ್ತು?"