ದಾರಿಹೋಕನ ಪಾಲು

"ಒಂದು ಗಾಡಿಯಾದ್ರೂ ನಿಲ್ತೇನೇ?" ಎಂದು ಪಾಂತೆಲಿ ಅಂಗಳದಿಂದಲೇ ಕೂಗಿದ.

ಹೆಂಡತಿ ವೆತುರಿಯಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಗೇಟಿನ ಮುಂದೆ ಮೇಜು ಹಾಕಿ, ಮಾಂಸ ತುಂಬಿದ ಎಲೆಕೋಸಿನ ಸುರುಳಿ, ಸಿಹಿ ಹಾಕಿ ಬೇಯಿಸಿದ ಗೋಧಿ, ಹೆಣೆದ ರೊಟ್ಟಿ, ಉರಿಯುವ ಮೇಣದಬತ್ತಿ, ಒಂದು ಜೊತೆ ಹೊಸ ಬೂಟು ಇಟ್ಟುಕೊಂಡು ಅವಳು ಬೆಳಗಿನಿಂದ ಗಂಡನ ಪಕ್ಕ ಸುಳಿಯದೆ ರಸ್ತೆ ಕಾಯುತ್ತಿದ್ದಳು. ಮಗ ಸಿಲ್ವಿಯು ಸತ್ತು ಅವತ್ತಿಗೆ ವರ್ಷ. ವರ್ಷದ ದಿನ ಹೊರಗಿನವರೊಬ್ಬರಿಗೆ ಉಣ್ಣಿಸಿ ತೊಡಿಸಿದರೆ ಅದು ಸತ್ತವನಿಗೆ ಮುಟ್ಟುತ್ತದೆ. ಇಲ್ಲವಾದರೆ ಅವನು ಅಲ್ಲೂ ಹಸಿದೇ ಇರಬೇಕು.

ಸಿಲ್ವಿಯು ಲಾರಿ ಓಡಿಸುತ್ತಿದ್ದ. ಮನೆ ಮುಂದಿನ ಇದೇ ಇ-70 ಹೆದ್ದಾರಿ ಹಿಡಿದು ರೊಮೇನಿಯ ಬಿಟ್ಟು, ಸೆರ್ಬಿಯಾ, ಕ್ರೊವೇಷಿಯಾ ದಾಟಿ ಹೋದವನು ಇಟಲಿಯಲ್ಲಿ ಲಾರಿ ಮಗುಚಿ ಸತ್ತ. ಹೆಣ ಬಂದಾಗ ಕಾಲಲ್ಲಿ ಬೂಟಿರಲಿಲ್ಲ. ಅಳುವ ಗಲಾಟೆಯಲ್ಲಿ ಬರಿಗಾಲಲ್ಲೇ ಮಣ್ಣು ಮಾಡಿಬಿಟ್ಟಿದ್ದರು. ಅದು ಅವಳ ಕರುಳನ್ನು ವರ್ಷವಿಡೀ ಕೊರೆಯಿತು. ದಾರಿಯಲ್ಲಿ ಸತ್ತವನ ಪಾಲು ದಾರಿಹೋಕನಿಗೇ ಸಲ್ಲಬೇಕೆಂದು ಹಟ ಹಿಡಿದಳು.

ಹಟವೇನೋ ಸರಿ, ದಾರಿಹೋಕರೇ ಇರಲಿಲ್ಲ. ಹಿಂದಿನ ವಾರ ಊರ ಹೊರಗೆ ಬೈಪಾಸ್ ತೆರೆದಿತ್ತು. ಮಂತ್ರಿಯೊಬ್ಬ ಬಂದು ರಿಬ್ಬನ್ ಕತ್ತರಿಸಿದ್ದೇ ತಡ, ಯೂರೋಪಿನ ಲಾರಿಗಳೆಲ್ಲ ಹೊಲದಾಚೆಗೆ ಹೊರಟುಹೋದವು. ಸದ್ದು, ಹೊಗೆ ಎಂದು ಊರವರು ನಾವೆಲ್ಲ ಅವನ್ನು ಬೈದದ್ದೇ ಬೈದದ್ದು. ಈಗ ನಡುರಸ್ತೆಯಲ್ಲಿ ಕೋಳಿ ಮಲಗುತ್ತವೆ.

"ಪಕ್ಕದ್ಮನೆ ನೀಕುಗೆ ಕೊಟ್ಬಿಡೆ."

"ಅವನ್ಯಾವ ಸೀಮೆ ದಾರಿಹೋಕ? ಬೇಲಿ ದಾಟೋಕೇ ಎರಡು ಸಲ ಕೂತು ಸುಧಾರಿಸ್ಕೋತಾನೆ."

"ಹಂಗಾದ್ರೆ ನಾನೇ ಉಣ್ತೀನಿ ಬಿಡು."

"ಮನೆಯೋರು ಉಂಡ್ರೆ ಅವನಿಗೆ ಮುಟ್ಟಲ್ಲ. ಗೊತ್ತಿದ್ದೂ ಯಾಕ್ರೀ ಹೊಟ್ಟೆ ಉರಿಸ್ತೀರಾ?"

ಪಾಂತೆಲಿಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಸತ್ತವರಿಗೆ ಬೂಟು ಯಾಕೆಂದು ಪಾದ್ರಿಯ ಮುಖಕ್ಕೇ ಕೇಳಿ ಬಂದ ಆಸಾಮಿ.

ಹೊತ್ತು ಇಳಿಯಿತು. ಸೂರ್ಯ ಮುಳುಗಿದ ಮೇಲೆ ಕೊಟ್ಟರೆ ಸಲ್ಲುವುದಿಲ್ಲ. ಕೊನೆಗೆ ಒಂದು ಕಾರು ಬಂತು. ವೆತುರಿಯಾ ಕೈ ಅಡ್ಡ ಹಿಡಿದಳು. ಏನೋ ಮಾರುವವಳೆಂದುಕೊಂಡಿರಬೇಕು, ಅದು ಬದಿಗೆ ಸರಿದು ಹೋಗಿಯೇಬಿಟ್ಟಿತು. ಅವಳು ಬೂಟನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಸ್ವಲ್ಪ ಹೊತ್ತಿಗೆ ಸೆರ್ಬಿಯಾ ಕಡೆಯ ತಿರುವಿನಿಂದ ಒಬ್ಬ ಮನುಷ್ಯ ರಸ್ತೆಯಂಚಿನಲ್ಲಿ ನಡೆದು ಬಂದ. ಮೈಮೇಲೆ ಕೋಟು, ಹೆಗಲಲ್ಲಿ ಚೀಲ. ಹತ್ತಿರ ಬಂದು ಟೋಪಿ ತೆಗೆದಾಗ ನೋಡಿದರೆ ಪಾಂತೆಲಿ. ಹಿತ್ತಿಲಿನಿಂದ ಇಳಿದು ಹೊಲ ಸುತ್ತಿ ಬಂದಿದ್ದ.

"ತಿನ್ನೋಕೇನಾದ್ರೂ ಇದೆಯೇನಮ್ಮಾ?" ಎಂದ. "ಬಹಳ ದೂರದಿಂದ ಬರ್ತಿದೀನಿ."

ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿದಳು. ಅಲ್ಲಿ ಚೇಷ್ಟೆಯಿರಲಿಲ್ಲ.

"ಕೂತ್ಕೋಪ್ಪಾ," ಎಂದಳು ನಿಧಾನವಾಗಿ. "ಮೊದ್ಲು ಇದನ್ನ ಹಾಕ್ಕೋ."

ಬೂಟು ಅವನಿಗೆ ಚಿಕ್ಕದು. ಹಲ್ಲು ಕಚ್ಚಿ ಕಾಲು ತೂರಿಸಿದ. ಮೇಣದಬತ್ತಿ ಕೈಗೆ ತೆಗೆದುಕೊಂಡು, "ನಿಮ್ಮ ಸತ್ತವರನ್ನ ದೇವರು ಕ್ಷಮಿಸಲಿ," ಎಂದು ವಾಡಿಕೆಯ ಮಾತು ಹೇಳಿ ಊಟಕ್ಕೆ ಕೈ ಹಾಕಿದ.

"ಎಲ್ಲಿಂದ ಬಂದೆ?"

"ಇಟಲಿಯಿಂದ."

"ದಾರೀಲಿ ನನ್ನ ಮಗ ಸಿಕ್ಕಿದ್ನಾ?"

ತುತ್ತು ಅರ್ಧಕ್ಕೇ ನಿಂತಿತು.

"ಸಿಕ್ಕಿದ್ದ."

"ಹೆಂಗಿದ್ದ?"

"ಹಸಿದಿದ್ದ ಕಣಮ್ಮಾ," ಎಂದ ಪಾಂತೆಲಿ.

ವೆತುರಿಯಾ ಪಾತ್ರೆ ಎತ್ತಿಕೊಂಡು ಅವನ ತಟ್ಟೆಗೆ ಇನ್ನೆರಡು ಸುರುಳಿ ಹಾಕಿದಳು. ಆಮೇಲೆ ಇನ್ನೆರಡು. ಪಾತ್ರೆ ಬರಿದಾಗುವವರೆಗೂ ಬಡಿಸಿದಳು. ಅವನು ತಲೆ ಎತ್ತದೆ, ಒಂದನ್ನೂ ಬಿಡದೆ ತಿಂದ.