ಮಾರಾಟಕ್ಕಿರುವ ಕಾರು

ಹಳೇ ಕಾರು ಅಸಲಿಯಾದರೆ ಅದಕ್ಕೆ ಒಂದು ಮನೆಯ ಬೆಲೆ. ಅಲ್ಲಿಂದ ಬಾಗಿಲು, ಇಲ್ಲಿಂದ ಇಂಜಿನ್ ತಂದು ಜೋಡಿಸಿದ್ದಾದರೆ ಆ ಮನೆಯ ಕಾಂಪೌಂಡಿನ ಬೆಲೆಯೂ ಇಲ್ಲ. ನಂಬರೇ ಸುಳ್ಳಾದರೆ ತೂಕಕ್ಕೆ ಹಾಕಿ ಗುಜರಿಗೆ ಕೊಡಬೇಕು, ಠಾಣೆಗೆ ಅಲೆಯುವ ಖರ್ಚು ಬೇರೆ. ಈ ಮೂರರಲ್ಲಿ ಯಾವುದು ಎಂದು ಹೇಳಲು ನಾನು ತೆಗೆದುಕೊಳ್ಳುವುದು ಒಂದು ಹೊಸ ಟೈರಿನ ದುಡ್ಡು. ನನ್ನ ಸಾಮಾನಿಗೆ ಅಷ್ಟೂ ಆಗುವುದಿಲ್ಲ. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ, ಟಾರ್ಚು, ಸೀಮೆಎಣ್ಣೆಯ ಶೀಶೆ, ಹಳೇ ಬನಿಯನ್ನಿನ ಚಿಂದಿ, ಮತ್ತೆ ಫ್ಲಾಸ್ಕಿನಲ್ಲಿ ನಾನೇ ಕಾಯಿಸಿಕೊಂಡ ಟೀ.

ಟೀ ಯಾಕೆಂದರೆ, ಮಾರುವವರ ಮನೆಯಲ್ಲಿ ನಾನು ನೀರೂ ಮುಟ್ಟುವುದಿಲ್ಲ. ಒಂದು ಲೋಟ ಬಿಸಿಬಿಸಿ ಕುಡಿದ ಮೇಲೆ ಆ ಮನೆಯ ಕಾರಿನ ತುಕ್ಕು ಕಣ್ಣಿಗೆ ಸ್ವಲ್ಪ ಕಡಿಮೆ ಕಾಣುತ್ತದೆ. ಕುಡಿದರೆ ಕಾರಿನ ಬಗ್ಗೆ ಬಾಯಿ ಬಿಡುವುದಿಲ್ಲ, ದುಡ್ಡೂ ತೆಗೆದುಕೊಳ್ಳುವುದಿಲ್ಲ. ಇದು ಪೇಟೆಗೆಲ್ಲ ಗೊತ್ತು. ಕೊಳ್ಳುವವನನ್ನೂ ಮೊದಲ ಸಲ ಜೊತೆಗೆ ಕರೆದೊಯ್ಯುವುದಿಲ್ಲ. ಕಾರು ಕಣ್ಣಿಗೆ ಬಿದ್ದ ಕೂಡಲೇ ಅವನು ಮನಸ್ಸು ಕೊಟ್ಟುಬಿಡುತ್ತಾನೆ. ಆಮೇಲೆ ಇಂಜಿನ್ನು ಕೆಮ್ಮಿದರೂ ಅವನಿಗೆ ಸಂಗೀತ.

ಆ ಸಲ ಕಳಿಸಿದ್ದು ಹಲ್ಲಿನ ಡಾಕ್ಟರು. ಉಳಿದ ಗಿರಾಕಿಗಳೆಲ್ಲ ಅವರ ಮಾತು ಕೇಳಿಯೇ ನನ್ನ ಹತ್ತಿರ ಬರುತ್ತಿದ್ದರು. ಅಯಸ್ಕಾಂತ ಹಿಡಿದು ಓಡಾಡುವ ನನಗೆ ಮ್ಯಾಗ್ನೆಟ್ ಮಾಮ ಎಂದು ಹೆಸರಿಟ್ಟವರೂ ಅವರೇ.

"ಮಾಮ, ಆ ಜಾಹೀರಾತು ತಿಂಗಳು ತಿಂಗಳೂ ಪೇಪರಲ್ಲಿ ಬರ್ತಾನೇ ಇದೆ," ಎಂದರು. "ಹೋದೋರೆಲ್ಲ ನಂಬರಿನ ಬಿಲ್ಲೆ ಸರಿಯಿಲ್ಲ ಅಂತ ವಾಪಸ್ ಬರ್ತಾರೆ. ಸ್ವಂತ ಹಲ್ಲೋ, ಕಟ್ಟಿಸಿದ ಹಲ್ಲೋ, ನೋಡ್ಕೊಂಡು ಬನ್ನಿ. ಸ್ವಂತದ್ದು ಅಂದ್ರೆ ಸಂಜೆಗೇ ಕೇಳಿದಷ್ಟು ದುಡ್ಡು ತಗೊಂಡು ಹೋಗ್ತೀನಿ."

ಡಾಕ್ಟರ ಪರವಾಗಿ ಬರುತ್ತೇನೆಂದು ಫೋನು ಮಾಡಿ ಹೋದೆ. ಓಣಿಯ ಕೊನೆಯ ಮನೆ. ಪಕ್ಕದಲ್ಲಿ ತಗಡಿನ ಉದ್ದನೆಯ ಶೆಡ್ಡು. ನಾನು ಗೇಟು ಮುಟ್ಟುವ ಮೊದಲೇ ಬಾಗಿಲು ತೆರೆಯಿತು. ಐವತ್ತೈದು ದಾಟಿದ ಹೆಂಗಸು, ಕುತ್ತಿಗೆಯಲ್ಲಿ ಹೊಲಿಗೆಯವರ ಅಳತೆ ಟೇಪು. ನನ್ನ ಬೆನ್ನ ಹಿಂದೆ ಇಣುಕಿ ನೋಡಿದರು.

"ಒಬ್ಬರೇ ಬಂದ್ರಾ? ಜೊತೆಗೆ ಯಾರೂ ಇಲ್ವಾ?"

"ಒಬ್ಬನೇ ಅಮ್ಮಾ."

"ಅಮ್ಮ ಅನ್ಬೇಡಿ ಮಾರಾಯ್ರೆ, ನಿಮ್ಮ ತಲೆ ನನಗಿಂತ ಬೆಳ್ಳಗಿದೆ."

ಶೆಡ್ಡಿನೊಳಗೆ ಕಾರಿನ ಮುಂದೆ ಮೂರು ಕುರ್ಚಿ, ನಡುವೆ ಸ್ಟೂಲು, ಅದರ ಮೇಲೆ ಕಸೂತಿ ಬಟ್ಟೆ ಮುಚ್ಚಿದ ಟ್ರೇ. ಬಟ್ಟೆ ಎತ್ತಿದರು: ಮೂರು ಕಪ್ಪು, ಒಂದು ತಟ್ಟೆ ಬಿಸ್ಕತ್ತು. ನಾನು ಫ್ಲಾಸ್ಕು ತೋರಿಸಿ ನನ್ನ ನಿಯಮ ಹೇಳಿದೆ. ಅವರ ಮುಖ ಇಳಿಯಿತು.

"ಎಂಥೆಂಥಾ ಜನ ಬಂದ್ರು, ನನ್ನ ಟೀ ಬೇಡ ಅಂದೋರು ನೀವೇ ಮೊದಲು," ಎಂದು ಬಟ್ಟೆಯನ್ನು ಮತ್ತೆ ಮುಚ್ಚಿದರು.

ನಾನು ಕೆಲಸ ಶುರುಮಾಡಿದೆ. ಅಯಸ್ಕಾಂತವನ್ನು ಬಾಗಿಲು, ಮಡ್‌ಗಾರ್ಡು, ಕೆಳಗಿನ ಅಂಚು, ಎಲ್ಲ ಕಡೆ ಹಿಡಿದೆ. ತಗಡು ಕೊಳೆತ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಲ್ಲಿ ಅದು ಹಿಡಿಯದೆ ಜಾರುತ್ತದೆ. ಇಲ್ಲಿ ಒಂದು ಕಡೆಯೂ ಜಾರಲಿಲ್ಲ. ಬಾಗಿಲುಗಳ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ.

ಅವರು ಹಿಂದೆ ಹಿಂದೆಯೇ ಬಂದರು. ನಾನು ಮುಟ್ಟಿದ ಜಾಗಕ್ಕೆಲ್ಲ ಒಂದೊಂದು ಕಥೆ.

"ಅದೇ ಬಾಗಿಲಿಗೆ ನಮ್ಮಣ್ಣ ಬೆರಳು ಸಿಗಿಸಿಕೊಂಡಿದ್ದು. ಊರಿಗೆಲ್ಲ ಡ್ರೈವಿಂಗ್ ಕಲಿಸಿದೋನು, ಸ್ವಂತ ಕಾರಿನ ಬಾಗಿಲು ಹಾಕಕ್ಕೆ ಬರ್ಲಿಲ್ಲ! ಅಯ್ಯೋ ತಂಗೀ ಅಂತ ಕೂಗಿದ್ದು ಬಸ್ ನಿಲ್ದಾಣದವರೆಗೂ ಕೇಳಿಸ್ತಂತೆ. ಅವನು ಕಾರಿನ ಕೆಳಗೆ ಮಲಗಿದ್ರೆ ಟಾರ್ಚು ಹಿಡಿಯೋ ಕೆಲಸ ನಂದು. ಸ್ವಲ್ಪ ಅಲ್ಲಾಡಿದ್ರೆ, ಏನು, ನಿದ್ದೆ ಮಾಡ್ತಿದ್ದೀಯಾ ಅಂತ ಬೈಯೋನು."

ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಇಬ್ಬರೂ ಮದುವೆಯಾದವರಲ್ಲ. ಮನೆಯಲ್ಲಿದ್ದದ್ದು ಅವರಿಬ್ಬರು ಮತ್ತು ಈ ಕಾರು.

ಬಾನೆಟ್ಟು ಎತ್ತಿದೆ. ಇಂಜಿನ್‌ಗೂ ಸೀಟಿಗೂ ನಡುವಿನ ತಗಡಿನ ಮೇಲೆ ನಂಬರಿನ ಬಿಲ್ಲೆ. ಕಾರ್ಖಾನೆಯವರು ಇದನ್ನು ರಿವೆಟ್ ಹೊಡೆದು ಕೂರಿಸುತ್ತಾರೆ, ಒಡೆಯದೆ ಬಿಚ್ಚಲು ಬರುವುದಿಲ್ಲ. ಇಲ್ಲಿದ್ದದ್ದು ಎರಡು ಸ್ಕ್ರೂ. ಅಂದರೆ ಬಿಲ್ಲೆಯನ್ನು ಬೇರೆ ಕಾರಿನಿಂದ ಕಿತ್ತು ತಂದಿದ್ದಾರೆ ಎಂದು ಲೆಕ್ಕ. ಮೊದಲು ಬಂದವರೆಲ್ಲ ಇಷ್ಟನ್ನು ನೋಡಿ ಹೊರಟುಹೋಗಿದ್ದರು. ನಾನೂ ಹೊರಡುವವನೇ. ಆದರೆ ಆ ಸ್ಕ್ರೂಗಳ ತಲೆ ನನಗೆ ಎಲ್ಲೋ ನೋಡಿದ ಹಾಗಿತ್ತು.

"ಒಂದು ಸ್ಕ್ರೂಡ್ರೈವರ್ ಕೊಡ್ತೀರಾ?" ಎಂದೆ.

ಗೋಡೆಗೆ ಅಣ್ಣನ ಸಾಮಾನೆಲ್ಲ ಸಾಲಾಗಿ ತೂಗುಹಾಕಿತ್ತು. ಅವರು ಅದರ ಕಡೆ ತಿರುಗಲೂ ಇಲ್ಲ. ಸೀದಾ ಮನೆಯೊಳಗೆ ಹೋಗಿ, ಬೆರಳುದ್ದದ ಒಂದು ಸ್ಕ್ರೂಡ್ರೈವರ್ ತಂದು ಕೈಗಿಟ್ಟರು. ಯಾವ ಸೈಜು ಎಂದು ನಾನು ಹೇಳಿರಲಿಲ್ಲ. ಅದು ಸ್ಕ್ರೂವಿನ ಸೀಳಿಗೆ ಅಳತೆ ತೆಗೆದ ಹಾಗೆ ಕೂತಿತು.

ಆಗ ನೆನಪಾಯಿತು. ನನ್ನ ಹೆಂಡತಿಯ ಹೊಲಿಗೆ ಯಂತ್ರವನ್ನು ರಿಪೇರಿ ಮಾಡುತ್ತಿದ್ದವನು ನಾನೇ. ಇವು ಅದರ ಮುಖದ ತಗಡಿಗೆ ಹಾಕುವ ಸ್ಕ್ರೂಗಳು. ಅವಳು ತೀರಿಹೋದ ಮೇಲೆ ಆ ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟೆ.

ಬಿಲ್ಲೆ ಬಿಚ್ಚಿದೆ. ಅದರ ಕೆಳಗಿನ ಬಣ್ಣ ಹೊಗೆ ಧೂಳು ಕಾಣದ್ದು. ಬಿಲ್ಲೆಯ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದ ಚೌಕ. ಮೊದಲಿನಿಂದಲೂ ಈ ಬಿಲ್ಲೆ ಇಲ್ಲೇ ಇತ್ತು. ಸ್ಕ್ರೂ ತೂತಿನ ಅಂಚು ಮಾತ್ರ ಇನ್ನೂ ಹೊಳೆಯುತ್ತಿತ್ತು, ಈಚೆಗೆ ಕೊರೆದದ್ದು. ಕಾರಿನ ಕೆಳಗೆ ತೂರಿದೆ. ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಯ ಮೇಲೆ ನಂಬರು ಒತ್ತಿರುವ ಜಾಗಕ್ಕೆ ಗ್ರೀಸು ಮೆತ್ತಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದೆ. ಅದೇ ನಂಬರು. ಇಡೀ ಕಾರು ಕಾರ್ಖಾನೆಯಿಂದ ಹೊರಬಿದ್ದ ಹಾಗೇ ಇತ್ತು.

ಸುಳ್ಳು ಕಾರನ್ನು ನಿಜ ಮಾಡಲು ಹೊರಟವರನ್ನು ಜೀವನವಿಡೀ ನೋಡಿದ್ದೇನೆ. ನಿಜವಾದ ಕಾರನ್ನು ಕೈಯಾರೆ ಸುಳ್ಳು ಮಾಡಿದವರನ್ನು ನೋಡಿದ್ದು ಅದೇ ಮೊದಲು.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ ಕೇಳಿದೆ, "ರಿವೆಟ್ ಎಲ್ಲಿಟ್ಟಿದ್ದೀರಿ?"

ಅವರು ಅಳತೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಗುಂಡಿ ಡಬ್ಬಿಯಲ್ಲಿದೆ. ತಲೆ ಮಾತ್ರ ಉಳಿದಿದೆ. ಅಣ್ಣನ ಕೈ ಡ್ರಿಲ್ಲಿನಲ್ಲಿ ಕೊರೆಯೋವಾಗ ಮಿಕ್ಕಿದ್ದೆಲ್ಲ ಪುಡಿಯಾಯ್ತು."

"ಯಾಕೆ ಹಾಗೆ ಮಾಡಿದ್ರಿ?"

"ಮೊದಲನೇ ಸಲ ಜಾಹೀರಾತು ಕೊಟ್ಟಾಗ ಮಾರಕ್ಕೇ ಕೊಟ್ಟಿದ್ದೆ, ದೇವರಾಣೆ. ಗಂಡ ಹೆಂಡತಿ ಬಂದ್ರು. ಮಧ್ಯಾಹ್ನದವರೆಗೂ ಕೂತಿದ್ರು. ಅಣ್ಣನ ಬೆರಳಿನ ಕಥೆ ಕೇಳಿ ಆ ಹೆಂಗಸು ಬಿದ್ದು ಬಿದ್ದು ನಕ್ಕಳು. ನಾಳೆ ಬಂದು ತಗೊಂಡು ಹೋಗ್ತೀವಿ ಅಂದ್ರು. ರಾತ್ರಿಯೆಲ್ಲಾ ಯೋಚನೆ ಮಾಡಿ, ಬೆಳಗಾಗೋದ್ರೊಳಗೆ ಈ ಸ್ಕ್ರೂ ಹಾಕಿದೆ. ನಾಳೆ ತಗೊಂಡು ಹೋದ್ರೆ ನಾಡಿದ್ದು ಯಾರು ಬರ್ತಾರೆ?"

"ಹೊಲಿಸೋರು ಬರಲ್ವಾ?"

"ಈಗ ಯಾರು ಹೊಲಿಸ್ತಾರೆ? ಎಲ್ಲ ರೆಡಿಮೇಡು. ಬಂದ್ರೂ ನಿಂತ ಕಾಲಲ್ಲೇ ಅಳತೆ ಕೊಟ್ಟು ಹೋಗ್ತಾರೆ. ಕಾರು ನೋಡೋರಾದ್ರೆ ಕೂರ್ತಾರೆ. ಇದೇನು ಅದೇನು ಅಂತ ಅವರೇ ಕೇಳ್ತಾರೆ."

"ಮಾರಲ್ಲ ಅಂತ ಹೇಳಿದ್ರೆ ಆಯ್ತಲ್ಲ. ಯಾಕೆ ಇಷ್ಟೆಲ್ಲಾ?"

ಅವರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. "ಮಾರಾಟಕ್ಕಿಲ್ಲದ ಕಾರು ನೋಡಕ್ಕೆ ಯಾರು ಬರ್ತಾರೆ? ಅಸಲಿ ಅಂತ ನಿಮ್ಮ ಡಾಕ್ಟ್ರಿಗೆ ಗೊತ್ತಾದ್ರೆ ಕೇಳಿದಷ್ಟು ಕೊಡಕ್ಕೆ ಬರ್ತಾರೆ. ನಾನು ಕೊಡಲ್ಲ ಅಂದ್ರೆ, ಅವಳಿಗೆ ಮಾರೋ ಮನಸ್ಸಿಲ್ಲ ಅಂತ ಪೇಟೆಗೆಲ್ಲ ಸುದ್ದಿ. ಆಮೇಲೆ ಈ ಗೇಟು ತೆಗೆಯೋರು ಹಾಲಿನವನು, ಪೇಪರಿನವನು, ಅಷ್ಟೇ."

ಫೋನು ಜೇಬಿನಲ್ಲಿ ಬಡಿದುಕೊಂಡಿತು. ಡಾಕ್ಟರು. ನಾನು ತೆಗೆಯಲಿಲ್ಲ.

ಅಸಲಿ ಎಂದರೆ ಇವರ ಕುರ್ಚಿಗಳು ಖಾಲಿ. ನಕಲಿ ಎಂದರೆ ನಾನು ಸುಳ್ಳುಗಾರ. ಸುಳ್ಳನ್ನು ಈವರೆಗೆ ಯಾರೂ ನನ್ನ ಬಾಯಿಂದ ಹೇಳಿಸಿರಲಿಲ್ಲ. ಬಿಲ್ಲೆಯನ್ನು ಮತ್ತೆ ಕೂರಿಸಿ ಎರಡೂ ಸ್ಕ್ರೂ ಬಿಗಿ ಮಾಡಿದೆ. ಗ್ರೀಸು ಕೇಳಿ ಪಡೆದು ಚಾಸಿಯ ನಂಬರಿಗೆ ಮೊದಲಿನಂತೆ ಮೆತ್ತಿದೆ. ಆಮೇಲೆ ಕುರ್ಚಿಯಲ್ಲಿ ಕೂತೆ.

"ಟೀ ಇನ್ನೂ ಬಿಸಿ ಇದೆಯಾ?"

ಅವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ, "ಆರಿರತ್ತೆ, ಬೇರೆ ಮಾಡ್ತೀನಿ, ಎರಡೇ ನಿಮಿಷ," ಎಂದು ಎದ್ದು ಓಡಿದರು. ಬೇರೆಯವರ ಕೈಯ ಟೀ ಅಂಗಡಿಯಲ್ಲಿ ಬೇಕಾದಷ್ಟು ಕುಡಿದಿದ್ದೇನೆ. ಆದರೆ ಸಕ್ಕರೆ ಸಾಕಾ ಎಂದು ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತವರ ಕೈಯಿಂದ ಕುಡಿದು ಬಹಳ ಕಾಲವಾಗಿತ್ತು. ಸಕ್ಕರೆ ಹೆಚ್ಚಾಗಿತ್ತು. ಸಾಕು ಎಂದೆ. ಬೆರಳಿನ ಕಥೆಯನ್ನು ಇನ್ನೊಮ್ಮೆ ಕೇಳಿದೆ.

ಓಣಿ ದಾಟಿದ ಮೇಲೆ ಡಾಕ್ಟರಿಗೆ ಫೋನು ಮಾಡಿದೆ. "ಡಾಕ್ಟ್ರೇ, ಈ ಕಾರಿನ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ. ಟೀ ಕುಡಿದುಬಿಟ್ಟೆ."

"ಏನ್ ಮಾಮ, ಕಾರು ನೋಡಕ್ಕೆ ಕಳಿಸಿದ್ರೆ ನೆಂಟಸ್ತನ ಮಾಡ್ಕೊಂಡು ಬಂದ್ರಾ?" ಎಂದು ನಕ್ಕರು. ನಗು ಅಲ್ಲಿಗೇ ಮುಗಿಯಿತು. ಮಾರನೇ ವಾರ ಬೇರೆ ಒಬ್ಬನನ್ನು ಕಳಿಸಿದರು. ಅವನು ಸ್ಕ್ರೂ ನೋಡಿ, ಬಿಲ್ಲೆ ಬೇರೆ ಕಾರಿನದು ಎಂದು ಹೇಳಿ, ಬಿಸ್ಕತ್ತು ತಿಂದು ಬಂದ. ಡಾಕ್ಟರು ನನಗೆ ಫೋನು ಮಾಡಿ, "ನಕಲಿ ಅಂತ ಒಂದು ಮಾತು ಹೇಳಕ್ಕೆ ನಿಮಗೇನಾಗಿತ್ತು ಮಾಮ?" ಎಂದಷ್ಟೇ ಕೇಳಿದರು. ಆಮೇಲೆ ಅವರ ಫೋನು ಬರಲಿಲ್ಲ. ಮ್ಯಾಗ್ನೆಟ್ ಮಾಮ ಒಂದು ಟೀಗೆ ಮಾರಿಹೋದ ಎಂದು ಪೇಟೆಯಲ್ಲಿ ಮಾತಾಯಿತು. ಅವರ ಕಡೆಯ ಗಿರಾಕಿಗಳೂ ಬಿಟ್ಟುಹೋದರು.

ಕೆಲಸವಿಲ್ಲದ ಒಂದು ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಆ ಓಣಿಗೆ ಹೋದೆ. ಫ್ಲಾಸ್ಕು ಒಯ್ಯಲಿಲ್ಲ. ಶೆಡ್ಡಿನಲ್ಲಿ ಕಾರು ನೋಡಲು ಬಂದ ಇಬ್ಬರು ಕೂತಿದ್ದರು. ಆ ಮನೆಯಾಕೆ ಬಾನೆಟ್ಟಿನ ಪಕ್ಕ ನಿಂತು, "ಅಯ್ಯೋ ತಂಗೀ ಅಂತ ಕೂಗಿದ್ದು ಬಸ್ ನಿಲ್ದಾಣದವರೆಗೂ..." ಎನ್ನುತ್ತಾ ಕೈ ಆಡಿಸುತ್ತಿದ್ದರು. ಗೇಟಿನಲ್ಲಿ ನನ್ನನ್ನು ಕಂಡರು. ಮಾತು ನಿಂತಿತು. ಕೈ ಕುತ್ತಿಗೆಯ ಟೇಪಿಗೆ ಹೋಯಿತು. ಆ ಮುಖದಲ್ಲಿ ನಾನು ಕಂಡದ್ದು ಭಯ. ಬಿಲ್ಲೆಯ ಕೆಳಗೆ ಏನಿದೆ ಎಂದು ಗೊತ್ತಿರುವವನು ನಾನೊಬ್ಬನೇ.

"ಯಾರು ಬೇಕಿತ್ತು?" ಎಂದು ಕೇಳಿದರು, ಎಂದೂ ನೋಡಿಲ್ಲದವರಂತೆ.

"ಮನೆ ತಪ್ಪಿ ಬಂದೆ ಅಮ್ಮಾ," ಎಂದೆ. ಈ ಸಲ ಅಮ್ಮ ಅನ್ನಬೇಡಿ ಎನ್ನಲಿಲ್ಲ.

ಮತ್ತೆ ಹೋಗಿಲ್ಲ. ಜಾಹೀರಾತು ಈಗಲೂ ಬರುತ್ತದೆ. ಅದನ್ನು ಕಂಡರೆ, ಸರಿ, ಚೆನ್ನಾಗಿದ್ದಾರೆ ಎಂದುಕೊಂಡು ಪೇಪರು ಮಡಚಿಡುತ್ತೇನೆ.

ನನಗೆ ಹೋದದ್ದು ಒಂದು ಟೈರಿನ ದುಡ್ಡು, ಡಾಕ್ಟರ ಕಡೆಯ ಗಿರಾಕಿಗಳು, ನನ್ನ ಮಾತಿಗೆ ಪೇಟೆಯಲ್ಲಿದ್ದ ತೂಕ, ಮತ್ತು ಭಾನುವಾರ ಹೋಗಿ ಕೂರಬಹುದಾಗಿದ್ದ ಒಂದು ಮನೆ. ಸಿಕ್ಕಿದ್ದು ಸಕ್ಕರೆ ಹೆಚ್ಚಾದ ಒಂದು ಕಪ್ ಟೀ.