ಬಾಲದ ಕೈ

"ಬೀಳೋ ಅಂದ್ರೆ ಇಳೀತಾನೆ ಬೋಳಿಮಗ. ಮಾವನ ಮನೆ ಮುಂದೆ ಬಸ್ಸಿಳಿಯೋ ಅಳಿಯನ ಥರ. ನಿಮ್ಮಣ್ಣನ್ನ ನೋಡಿ ಕಲಿಯೋ. ಬೀಳೋದು ಅಂದ್ರೆ ಅದು."

ಡೈರೆಕ್ಟರ್ ಹೀಗೆ ಬೈಯುವಾಗ ನಾನು ಗೋಡೌನಿನ ನೆಲದ ಮೇಲೆ, ಖಾಲಿ ರಟ್ಟಿನ ಡಬ್ಬಗಳ ರಾಶಿಯ ಮಧ್ಯೆ ಮಂಡಿ ಹಿಡಿದು ಕೂತಿದ್ದೆ. ಮೇಲಿಂದ ಬಿಟ್ಟ ಹಗ್ಗ ಕೊನೆಗೆ ತಡೆದು ನಿಲ್ಲಿಸುತ್ತದೆ. ನಿಲ್ಲಿಸದಿದ್ದರೆ ಡಬ್ಬ ನುಜ್ಜಾಗುತ್ತದೆ, ಮೂಳೆ ಉಳಿಯುತ್ತದೆ. ನಮ್ಮ ಕಸುಬಿನ ವಿಮೆ ಅಷ್ಟೇ.

ನಾನು ಡ್ಯೂಪ್. ಹೀರೋ ಹಾರಬೇಕಾದಾಗ ಹಾರುವವನು, ಬೀಳಬೇಕಾದಾಗ ಬೀಳುವವನು. ಮುಖಕ್ಕೆ ಮುಖವಾಡ ಇರುವುದರಿಂದ ಒಳಗಿರುವ ಮೂಗು ಯಾರದೆಂದು ಯಾರೂ ಕೇಳುವುದಿಲ್ಲ. ಈ ಸಿನಿಮಾದ ಮೊದಲ ಭಾಗದಲ್ಲಿ ಈ ಕೆಲಸ ನಮ್ಮಣ್ಣನದು. ಹಾರುವ ವೀರ ಗೋಪುರದಿಂದ ಬಿದ್ದು, ಊರೆಲ್ಲ ಅವನು ಸತ್ತನೆಂದು ಅಳುವಾಗ ಎದ್ದು ನಿಲ್ಲುತ್ತಾನೆ. ಟಾಕೀಸಿನಲ್ಲಿ ಶಿಳ್ಳೆ ಬೀಳುವುದು ಅಲ್ಲಿಗೇ. ಬಿದ್ದವನು ಅಣ್ಣ, ಎದ್ದವನು ಹೀರೋ. ಅಣ್ಣ ಇನ್ನೂ ಎದ್ದಿಲ್ಲ. ಸೊಂಟದಿಂದ ಕೆಳಗೆ ಅವನ ಮಾತು ಕೇಳುವ ಅಂಗ ಒಂದೂ ಇಲ್ಲ. ಕಿಟಕಿ ಪಕ್ಕದ ಮಂಚದಲ್ಲಿ ಮಲಗಿ, ವೀರನ ಹಾಗೆ ಕುತ್ತಿಗೆಗೆ ಟವೆಲ್ಲು ಕಟ್ಟಿಕೊಂಡು ಗೋಡೆಯಿಂದ ಧುಮುಕುವ ಬೀದಿ ಮಕ್ಕಳಿಗೆ "ಬೀಳ್ತೀರ್ರೋ" ಎಂದು ಕೂಗುತ್ತಿರುತ್ತಾನೆ.

ಈಗ ಎರಡನೇ ಭಾಗ. ಅದಕ್ಕೆ ಕಥೆ ಹುಟ್ಟಿಲ್ಲ, ಹೀರೋ ಇನ್ನೂ ಒಪ್ಪಿಲ್ಲ. ಕಥೆ ಬರೆಯುವವರು ತಣ್ಣನೆಯ ರೂಮಿನಲ್ಲಿ ಕೂತು ಕಾಫಿ ತರಿಸುತ್ತಿದ್ದಾರೆ. ಆದರೆ ವೀರನ ಮೇಲಂಗಿಯ ಬಣ್ಣ ಮಾತ್ರ ತೀರ್ಮಾನವಾಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಾನು ತೊಟ್ಟಿದ್ದು ಆ ಕುಲಾವಿ. ಡೈರೆಕ್ಟರಿಗೆ ಖಾತ್ರಿಯಿದ್ದುದು ಒಂದೇ: ಈ ಸಲ ವೀರ ಇನ್ನೂ ಎತ್ತರದಿಂದ ಬೀಳಬೇಕು. ಆ ತುಂಡನ್ನು ಕಣ್ಣೆದುರೇ ಮಾಡಿ ತೋರಿಸಿದರೆ ದುಡ್ಡು ಹಾಕುವವರು ಒಪ್ಪುತ್ತಾರೆ, ಅವರು ಒಪ್ಪಿದರೆ ಹೀರೋ ಒಪ್ಪುತ್ತಾನೆ. ಅವರೆಲ್ಲ ಊಟ ಮುಗಿಸಿ ಗೋಡೌನಿಗೆ ಬರುವವರಿದ್ದರು.

ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ನೇತಾಡುವವನ ಹಗ್ಗ ಮಾಡಿನ ತೊಲೆಯ ರಾಟೆಯಿಂದ ಇಳಿದು, ಕೆಳಗೆ ಸಾಲಾಗಿ ನಿಂತವರ ಕೈಗೆ ಬರುತ್ತದೆ. ಅದರ ಕೊನೆಯನ್ನು ನಾವು ಬಾಲ ಅನ್ನುತ್ತೇವೆ. ಬಾಲ ಯಾವತ್ತೂ ಮೇಲಿರುವವನ ಮನೆಯವರ ಕೈಯಲ್ಲಿರಬೇಕು. ಬೀಳುವಾಗ ಮುಂದಿನವರು ಹಗ್ಗ ಬಿಡುತ್ತಾರೆ, ನೆಲ ಮುಟ್ಟುವ ಮುಂಚೆ ತಡೆಯುವುದು ಬಾಲದ ಕೈ; ಅದು ಬಿಡಬಾರದು. ಮತ್ತೆ, 'ಬಿಡು' ಎನ್ನುವ ಮಾತು ಮೇಲಿರುವವನ ಬಾಯಿಂದಲೇ ಬರಬೇಕು. ಕೆಳಗಿರುವವನು ಹೆತ್ತಪ್ಪನಾದರೂ ಆ ಅಪ್ಪಣೆ ಅವನದಲ್ಲ.

ಅಣ್ಣ ಬಿದ್ದ ದಿನ ಬಾಲ ಹಿಡಿಯಲು ಹೋದ ಅತ್ತಿಗೆಯನ್ನು ಮ್ಯಾನೇಜರ್ ಹೊರಗೆ ಕಳಿಸಿದ್ದ. ಆಮೇಲೆ ಮನೆಗೆ ಬಂದಿದ್ದು ಅಣ್ಣ ಮತ್ತು ಮ್ಯಾನೇಜರನ ಒಂದು ಮಾತು: "ಬಿಡು ಅಂದೋನು ಅವನೇ. ಸೊಂಟದ ಪಟ್ಟಿ ಸರಿ ಮಾಡ್ಕೊಳ್ದೆ ಅವಸರಪಟ್ಟ. ತಪ್ಪು ಅವನ್ದು." ಹಗ್ಗದವರ ಮೇಸ್ತ್ರಿ, ನಾವೆಲ್ಲ ಚಿಕ್ಕಪ್ಪ ಅನ್ನುವ ಮನುಷ್ಯ, ಅವನೂ ಹೌದೆಂದ. "ಕಿವಿಯಾರೆ ಕೇಳ್ದೆ ಕಣಮ್ಮ" ಎಂದ. ಅಣ್ಣ ಮಾತ್ರ "ನಾನು ಅಂದಿಲ್ಲ, ನಾನು ಅಂದಿಲ್ಲ" ಎನ್ನುತ್ತಲೇ ಇದ್ದ. ಅವನ ಬೆನ್ನಿನ ಹುಣ್ಣು ಒರೆಸುತ್ತ ಅತ್ತಿಗೆ ಒಂದೊಂದು ದಿನ, "ಆದ್ರೂ ಅಷ್ಟ್ಯಾಕೆ ಅವಸರ ಮಾಡಿದ್ರಿ" ಅಂದುಬಿಡುತ್ತಿದ್ದಳು. ಅವನು ಗೋಡೆ ಕಡೆ ತಿರುಗುತ್ತಿದ್ದ.

ಅದಕ್ಕೇ ನಾನು ಬೆಳಿಗ್ಗೆಯೇ ಹಟ ಹಿಡಿದಿದ್ದೆ. ಬಾಲ ಅತ್ತಿಗೆ ಕೈಯಲ್ಲಿದ್ದರೆ ಮಾತ್ರ ಮೇಲೆ ಹೋಗುತ್ತೇನೆ ಎಂದಿದ್ದೆ.

"ಹೆಂಗಸು ಹಗ್ಗ ಹಿಡಿಯೋಕೆ ಇದೇನು ಬಾವಿಕಟ್ಟೇನಾ?" ಎಂದ ಮ್ಯಾನೇಜರ್.

"ಬಾವೀಲಿ ಹಗ್ಗ ಬಿಟ್ರೆ ಕೊಡ ಹೋಗುತ್ತೆ ಸ್ವಾಮಿ," ಎಂದಳು ಅತ್ತಿಗೆ. "ಅಷ್ಟು ಗೊತ್ತಿದೆ ನಂಗೆ."

"ಬಾಯಿ ನೋಡು. ಹೋಗು, ಹಿಡ್ಕೊಂಡು ಕಂಬದ ಹಿಂದೆ ಕೂತ್ಕೋ. ಬರೋರ ಕಣ್ಣಿಗೆ ಬಿದ್ರೆ ಇಬ್ಬರನ್ನೂ ಗೇಟಾಚೆ ಒದೀತೀನಿ."

ಈಗ ಎರಡನೇ ಸಲ ನನ್ನನ್ನು ಮೇಲಕ್ಕೆ ಎಳೆದರು. ಹೆದರಿಕೆ ಹೊಟ್ಟೆಯಲ್ಲಿ ಹುಟ್ಟುತ್ತದೆ ಅನ್ನುತ್ತಾರೆ. ನನಗೆ ಹುಟ್ಟುವುದು ಅಂಗಾಲಿನಲ್ಲಿ. ಕೆಳಗೆ ಏನೂ ಇಲ್ಲವೆಂದು ಅಂಗಾಲು ಒಪ್ಪುವುದಿಲ್ಲ. ಬೂಟಿನೊಳಗೆ ಬೆರಳು ಮಡಿಸಿ, ಇಲ್ಲದ ನೆಲವನ್ನು ಕೆರೆಯುತ್ತದೆ. ಸೊಂಟದ ಪಟ್ಟಿಯಲ್ಲಿ ಕೆಳಗಿನ ಕೈಗಳು ಒಂದೊಂದೂ ತಿಳಿಯುತ್ತವೆ. ಮೇಸ್ತ್ರಿಯದು ಉದ್ದ ಎಳೆತ. ಅವನ ಹಿಂದಿನವರದು ಜಗ್ಗಾಟ. ಎಲ್ಲಕ್ಕೂ ಹಿಂದೆ ಅತ್ತಿಗೆಯದು, ನಿದ್ದೆ ಹೋದ ಮಗುವಿನ ತೊಟ್ಟಿಲು ಹಿಡಿದ ಹಾಗೆ, ಇದೆಯೋ ಇಲ್ಲವೋ ಅನ್ನುವಷ್ಟು.

ತೊಲೆಯ ಹತ್ತಿರ ಬಂದಾಗ ಕಾದ ತಗಡು ತಲೆಗೆ ಬಡಿಯುವಂತಿತ್ತು. ಕೆಳಗೆ ಡೈರೆಕ್ಟರ್ ಕ್ಯಾಮೆರಾದೊಳಗೆ ಬಗ್ಗಿದ.

"ಡಬ್ಬ ಕಾಣುತ್ತೆ. ತೆಗೆಸು."

"ಸಾರ್, ಡಬ್ಬ ಇಲ್ದೆ..." ಎಂದ ಮೇಸ್ತ್ರಿ.

"ವೀರ ರಟ್ಟಿನ ಡಬ್ಬದ ಮೇಲೆ ಬೀಳ್ತಾನೇನೋ? ಹೋದ್ಸಲಾನೂ ತೆಗೆದಿದ್ವಲ್ಲ."

ಡಬ್ಬಗಳನ್ನು ಎಳೆದು ಗೋಡೆಗೆ ಒಟ್ಟಿದರು. ಒಂದೊಂದು ಸರಿದಂತೆ ಸಿಮೆಂಟಿನ ನೆಲ ಅಗಲವಾಗುತ್ತ ಹೋಯಿತು.

"ಲೇ, ಮುಖ ಸರಿಯಿಲ್ಲ ನಿಂದು. ಮುಖವಾಡ ಇದ್ರೂ ಮೈಯಲ್ಲಿ ಗೊತ್ತಾಗುತ್ತೆ," ಡೈರೆಕ್ಟರ್ ಕೂಗಿದ. "ಕಿರುಚೋಕೂ ಬರಲ್ಲ ಮುಂಡೇದಕ್ಕೆ. ಅವರಣ್ಣನ ಶಾಟ್ ಇನ್ನೊಂದ್ಸಲ ಹಾಕ್ರಪ್ಪ ಗೋಡೆ ಮೇಲೆ. ಹಸಿ ಶಾಟ್ ಹಾಕಿ, ಕತ್ತರಿಸಿದ್ದು ಬೇಡ. ಸೌಂಡ್ ಇಡಿ. ಆ ಕಿರುಚಾಟ ಕೇಳ್ಲಿ ಇವನು."

ಬೆಳಿಗ್ಗೆಯಿಂದ ನಾವು ಎಷ್ಟೋ ಸಲ ನೋಡಿದ್ದು ಕತ್ತರಿಸಿದ ತುಂಡು, ಅದೂ ಶಬ್ದವಿಲ್ಲದೆ. ಈಗ ಗೋಡೆಯ ಮೇಲೆ ಅಣ್ಣ ನೇತಾಡಿದ. ಅವನಿಗೆ ಇನ್ನೂ ಕಾಲಿದ್ದವು. ಆಮೇಲೆ ಅವನ ದನಿ ಗೋಡೌನು ತುಂಬಿತು.

"ತಡೀ ಚಿಕ್ಕಪ್ಪ. ಪಟ್ಟಿ ಜಾರ್ತಿದೆ. ತಡೀ, ಬಿಡ್ಬೇಡ, ತಡೀ..."

ಅದರ ಮೇಲೆ ಇನ್ನೊಂದು ದನಿ. "ಬಿಸಿಲು ಹೋಗ್ತಿದೆ ಕಣ್ರೋ. ಬಿಡ್ರೋ ಲೇ." ಅದು ಡೈರೆಕ್ಟರನದು.

ಆಮೇಲೆ ಅವನಿಗೆ ಬೇಕಾಗಿದ್ದ ಕಿರುಚಾಟ.

"ಆಫ್ ಮಾಡೋ, ಆಫ್ ಮಾಡು," ಡೈರೆಕ್ಟರ್ ಅಂದ. ಯಾರೋ ಏನೋ ಒತ್ತಿದರು. ಚಿತ್ರ ಹೋಗಲಿಲ್ಲ, ನಿಂತಿತು. ಅಣ್ಣ ನೆಲಕ್ಕೆ ಒಂದು ಮೊಳ ಮೇಲೆ, ಕೈ ಚಾಚಿಕೊಂಡು, ಗೋಡೆಯಲ್ಲಿ ನಿಂತುಬಿಟ್ಟ.

ಹಗ್ಗದಲ್ಲಿ ಮೇಸ್ತ್ರಿಯ ಹಿಡಿತ ಸಡಿಲಿದ್ದು ನನ್ನ ಸೊಂಟಕ್ಕೆ ತಿಳಿಯಿತು. ನಾನು ಒಂದು ಗೇಣು ಕೆಳಕ್ಕೆ ಜಾರಿದೆ. ಬಾಲ ತಡೆಯಿತು.

"ಆಯ್ತು, ಏನ್ ನೋಡ್ತೀರಿ? ಬಿಡ್ರೋ," ಎಂದ ಡೈರೆಕ್ಟರ್.

"ಹೇಳ್ಬೇಕಾದೋನು ಮೇಲಿದಾನೆ," ಕಂಬದ ಹಿಂದಿನಿಂದ ಅತ್ತಿಗೆ ಎಂದಳು. ಮೆಲ್ಲಗೇ ಅಂದಳು. "ಅವರೂ ಅವತ್ತು ಮೇಲಿದ್ರು. ಅವರು ತಡೀ ಅಂದ್ರು. ಅಲ್ವಾ ಚಿಕ್ಕಪ್ಪ?"

ಮೇಸ್ತ್ರಿ ತಲೆ ಎತ್ತಲಿಲ್ಲ. "ಕೆಲಸ ಹೋಗುತ್ತೆ ಅಂದ್ರು ಕಣಮ್ಮ," ಎಂದ. "ಮೂರು ಹೆಣ್ಮಕ್ಕಳು ನಂಗೆ."

"ನಾನು ದಿನಾ ಕೇಳ್ತಿದ್ದೆ ಅವರನ್ನ, ಯಾಕೆ ಅವಸರ ಮಾಡಿದ್ರಿ ಅಂತ," ಎಂದಳು ಅತ್ತಿಗೆ. ಬಾಲವನ್ನು ಕಂಬಕ್ಕೆ ಒಂದು ಸುತ್ತು, ತನ್ನ ಸೊಂಟಕ್ಕೆ ಒಂದು ಸುತ್ತು ಹಾಕಿದಳು. ಎರಡೂ ಪಾದ ಕಂಬಕ್ಕೆ ಊರಿ ನೆಲಕ್ಕೆ ಕೂತಳು. "ಬರೋರು ಬರ್ಲಿ. ಆ ದನೀನ ಅವರೂ ಕೇಳ್ಲಿ. ಆಮೇಲೆ ನಮ್ಮ ಹುಡುಗನ್ನ ನಾನೇ ಇಳಿಸ್ಕೋತೀನಿ. ಮರೀ, ಇರ್ತೀಯಾ ಅಲ್ಲೇ?"

ಮನೆಯಲ್ಲಿ ನನ್ನ ಹೆಸರು ಅದೇ, ಮರಿ. ಇರಲಾರೆ ಎನ್ನಬೇಕೆಂದು ನನ್ನ ಅಂಗಾಲಿನಿಂದ ನೆತ್ತಿವರೆಗೆ ಪ್ರತಿಯೊಂದು ಕೂದಲೂ ಹೇಳುತ್ತಿತ್ತು. ಉಚ್ಚೆ ಹೋಗಿ ಹೊಸ ಬಣ್ಣದ ಚಡ್ಡಿ ಒದ್ದೆಯಾಗಿತ್ತು. ಗೋಡೆಯ ಮೇಲೆ ಅಣ್ಣ ನನ್ನನ್ನು ನೋಡುತ್ತಿದ್ದ.

"ಇರ್ತೀನಿ ಅತ್ತಿಗೆ," ಎಂದೆ.

ಮೇಸ್ತ್ರಿ ಹಗ್ಗ ಬಿಡದೆ ಅವಳ ಮುಂದೆ ಕೂತ. ಅವನ ಹಿಂದಿನವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಹೊರಗೆ ಗೇಟು ಕಿರುಗುಟ್ಟಿತು. ಕಾರುಗಳು ಒಳಗೆ ಬಂದವು. ಒಂದು ಬಾಗಿಲು ತೆರೆದು ಮುಚ್ಚಿದ ಸದ್ದು. ಇನ್ನೊಂದು.

ಡೈರೆಕ್ಟರ್ ಅಂಗಿ ಸರಿಮಾಡಿಕೊಂಡು ಬಾಗಿಲ ಕಡೆ ಹೋದ. ಮ್ಯಾನೇಜರ್ ಕಂಬದ ಕಡೆ ಹೋದ.

"ಮುಟ್ಬೇಡಿ ಸಾರ್," ಮೇಸ್ತ್ರಿ ಎಂದ. "ಎಳೆದಾಟದಲ್ಲಿ ಜಾರಿದ್ರೆ ಹುಡುಗ ಹೋಗ್ತಾನೆ. ಕೆಳಗೆ ಡಬ್ಬ ಇಲ್ಲ."

ಮ್ಯಾನೇಜರ್ ದನಿ ಏರಿಸಲಿಲ್ಲ. ತಗಡಿನ ಮಾಡು ಕೆಳಗಿನ ಪಿಸುಮಾತನ್ನೂ ಮೇಲೆ ತಂದುಕೊಡುತ್ತದೆ.

"ಹೋದ್ರೆ, ಬಿಡು ಅಂದೋನು ಅವನೇ ಅಂತ ಹೇಳೋಣ."

ಆಗ ನಾನು ಕೂಗತೊಡಗಿದೆ. ಡೈರೆಕ್ಟರಿಗೆ ಬೇಕಾಗಿದ್ದಕ್ಕಿಂತ ದೊಡ್ಡದಾಗಿ, ಬಾಗಿಲಲ್ಲಿ ನಿಂತ, ಹೊಳೆಯುವ ಬೂಟು ತೊಟ್ಟ ದುಡ್ಡಿನವರಿಗೆ ಕೇಳುವ ಹಾಗೆ, ಸಾಧ್ಯವಾದರೆ ಕಿಟಕಿ ಪಕ್ಕದ ಮಂಚಕ್ಕೂ ಕೇಳುವ ಹಾಗೆ. "ನಾನು ಅಂದಿಲ್ಲ. ನಾನು ಬಿಡು ಅಂದಿಲ್ಲ. ನಮ್ಮಣ್ಣನೂ ಅಂದಿಲ್ಲ." ಮುಖವಾಡ ಕಿತ್ತು ಕೆಳಗೆ ಎಸೆದೆ. ಅದು ಬರಿ ನೆಲಕ್ಕೆ ಬಿದ್ದ ಸದ್ದು ಕೇಳಿ ನನ್ನ ಹಲ್ಲು ಕಟಕಟ ಬಡಿದವು. ಬೂಟುಗಳು ಬಾಗಿಲಲ್ಲೇ ನಿಂತವು. ಒಳಗೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಕೂಗುತ್ತಲೇ ಇದ್ದೆ. ಸೊಂಟದಲ್ಲಿ ಅತ್ತಿಗೆಯ ಕೈ ಇತ್ತು, ಬಿಗಿಯಾಗಿ. ಮೇಸ್ತ್ರಿಯದಿತ್ತು. ಆಮೇಲೆ ಹಗ್ಗದ ಮೇಲೆ, ಬಾಲದ ಹತ್ತಿರ, ನನಗೆ ಗುರುತಿಲ್ಲದ ಇನ್ನೊಂದು ಕೈ ಬಿತ್ತು; ಹಿಡಿಯಲು ಬಂದದ್ದೋ, ಬಿಡಿಸಲು ಬಂದದ್ದೋ ತಿಳಿಯಲಿಲ್ಲ.